ಉಳ್ಳಾಗಡ್ಡಿ, ಬಳ್ಳೊಳ್ಳಿ, ಬೇಳೆ ಕಟ್ಟು: ಐಬಿಎಸ್ ಜೊತೆ ನನ್ನ ಒಂಬತ್ತು ತಿಂಗಳು

ಹೋದ ವಾರ ಡಯಟೀಷಿಯನ್ ನನ್ನ ಫೈಲ್ ಮುಚ್ಚಿ, "ಇನ್ನ ಆರು ತಿಂಗಳ ತನಕ ಬರೂದು ಬ್ಯಾಡ್ರಿ" ಅಂದರು. ಮನೆಗೆ ಬಂದು ಇದನ್ನು ಬರೆಯಲು ಕೂತೆ. ಮರೆಯುವ ಮೊದಲು ಬರೆದಿಡಬೇಕು ಅನಿಸಿತು. ನಾನು ಶುರು ಮಾಡಿದಾಗ, ಜೋಳದ ರೊಟ್ಟಿ ತಿಂದು ಬೆಳೆದವರು ಐಬಿಎಸ್ ಅನ್ನುವ ಕರುಳಿನ ಕಾಯಿಲೆಗೆ ಮಾಡುವ ಫಾಡ್‌ಮ್ಯಾಪ್ ಪಥ್ಯವನ್ನು ಹೇಗೆ ಮಾಡಬೇಕು ಅಂತ ಹೇಳುವವರು ಒಬ್ಬರೂ ಸಿಗಲಿಲ್ಲ. ಸಿಕ್ಕ ಪಟ್ಟಿಗಳೆಲ್ಲ ಬ್ರೆಡ್ಡು, ಪಾಸ್ತಾ ತಿನ್ನುವವರಿಗೆ ಬರೆದದ್ದು.

ನಾನು ಇರುವುದು ಧಾರವಾಡದಲ್ಲಿ. ಪಾಠ ಮಾಡುವುದು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ. ವಯಸ್ಸು 39. 2021ರ ಡಿಸೆಂಬರಿನಲ್ಲಿ ಗದಗ ಹತ್ತಿರ ಒಂದು ಮದುವೆಗೆ ಹೋಗಿ ಬಂದ ಮೇಲೆ ನಾಲ್ಕು ದಿನ ವಾಂತಿ, ಭೇದಿ. ಅದು ನಿಂತಿತು. ಆದರೆ ಹೊಟ್ಟೆ ಮೊದಲಿನಂತೆ ಆಗಲೇ ಇಲ್ಲ. ಊಟವಾಗಿ ಅರ್ಧ ತಾಸಿಗೆ ಹೊಟ್ಟೆ ನುಲಿಯುತ್ತಿತ್ತು. ಸಂಜೆಯಾದರೆ ಸೀರೆ ನಿರಿಗೆ ಸಡಿಲ ಮಾಡಿಕೊಳ್ಳುವಷ್ಟು ಉಬ್ಬರ. ಬೆಳಿಗ್ಗೆ ಮನೆ ಬಿಡುವ ಮೊದಲೇ ಮೂರು ಸಲ ಸಂಡಾಸ. ದೊಡ್ಡ ಸೋಂಕಿನ ಭೇದಿ ಆದ ಮೇಲೆ ಕೆಲವರಿಗೆ ಹೀಗೆ ಉಳಿದುಬಿಡುತ್ತದಂತೆ. ಅದು ನನಗೆ ಗೊತ್ತಾಗಿದ್ದು ಮೂರು ವರ್ಷದ ಮೇಲೆ.

ಆ ಮೂರು ವರ್ಷ ಧಾರವಾಡ, ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನ ಪ್ರಯಾಣವೇ ನನ್ನ ದೊಡ್ಡ ಭಯ. ಧಾರವಾಡದ ಜುಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿಯ ಹೊಸೂರಿಗೆ ಮುಕ್ಕಾಲು ತಾಸು. ನವಲೂರಿನಲ್ಲಿ ಇಳಿದರೆ ಎಲ್ಲಿ ಹೋಗಬಹುದು, ನವನಗರದಲ್ಲಿ ಯಾವ ಹೋಟೆಲ್ಲಿನವರು ಒಳಗೆ ಬಿಡುತ್ತಾರೆ, ಉಣಕಲ್ ಹತ್ತಿರ ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ ಇರುವುದಿಲ್ಲ, ಎಲ್ಲ ನನಗೆ ಬಾಯಿಪಾಠ. ಬೆಳಿಗ್ಗೆ ಏನೂ ತಿನ್ನದೆ ಬಸ್ ಹತ್ತುತ್ತಿದ್ದೆ. ಎರಡನೇ ಪಿರಿಯಡ್ಡಿನ ಹೊತ್ತಿಗೆ ಕೈ ನಡುಗುತ್ತಿತ್ತು. ಪಾಠದ ನಡುವೆ ಮಕ್ಕಳನ್ನು ಬಿಟ್ಟು ಹೊರಗೆ ಓಡಿದ ದಿನಗಳಿವೆ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ತೋರಿಸಿದ ಕಡೆಯೆಲ್ಲ "ಆಮ ಆಗೇದ" ಅಂತ ಅದೇ ಗುಳಿಗೆಗಳ ಕೋರ್ಸ್ ಬರೆದುಕೊಟ್ಟರು. ಒಮ್ಮೆಯೂ ಮಲ ಪರೀಕ್ಷೆ ಮಾಡಿಸಲಿಲ್ಲ. ಬಾಯಲ್ಲಿ ಕಬ್ಬಿಣದ ರುಚಿ, ತಲೆಸುತ್ತು. ಐದು ದಿನ ಕಡಿಮೆ ಅನಿಸುತ್ತಿತ್ತು, ಆಮೇಲೆ ಮತ್ತೆ ಅದೇ. ಎಷ್ಟು ಕೋರ್ಸ್ ನುಂಗಿದೆನೋ ಲೆಕ್ಕವಿಲ್ಲ. ಬೇಸತ್ತು 2024ರ ಜೂನ್‌ನಲ್ಲಿ ನಾನೇ ಗೋಧಿ ಬಿಟ್ಟೆ. ಚಪಾತಿ, ಉಪ್ಪಿಟ್ಟು, ಬಿಸ್ಕೀಟು ಎಲ್ಲ ಬಂದ್. ಸ್ವಲ್ಪ ಹಗುರ ಅನಿಸಿತು. ಆಮೇಲೆ ಹಾಲು ಬಿಟ್ಟೆ, ಹಣ್ಣು ಬಿಟ್ಟೆ. ತೂಕ 59 ಕಿಲೋದಿಂದ 53ಕ್ಕೆ ಇಳಿಯಿತು.

ಅದನ್ನು ನೋಡಿ ನಮ್ಮ ಮನೆಯವರು ಗಾಬರಿಯಾದರು. ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಒಬ್ಬ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬೆಳಿಗ್ಗೆ ಎಂಟಕ್ಕೆ ಹೋಗಿ ಚೀಟಿ ಹಚ್ಚಿದರೆ ಒಳಗೆ ಕರೆದದ್ದು ಒಂದೂವರೆಗೆ. ಆದರೆ ಒಳಗೆ ಅವರು ಅವಸರ ಮಾಡಲಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸಿ ಸಂಡಾಸಕ್ಕೆ ಹೋಗುವಂತೆ ಆಗುತ್ತದೆಯಾ, ರಕ್ತ ಹೋಗುತ್ತದೆಯಾ, ಜ್ವರ ಬರುತ್ತದೆಯಾ, ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ ಅಂತ ಒಂದೊಂದಾಗಿ ಕೇಳಿದರು. ಇವುಗಳಲ್ಲಿ ಯಾವುದಾದರೂ ನಿಮಗಿದ್ದರೆ ದಯವಿಟ್ಟು ಪಥ್ಯ ಗಿಥ್ಯ ಅಂತ ಕೂರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ನನಗೆ ಅವು ಯಾವುದೂ ಇರಲಿಲ್ಲ. ಆದರೆ ತೂಕ ಇಳಿದಿತ್ತು.

ಗೋಧಿ ಬಿಟ್ಟು ಮೂರು ತಿಂಗಳಾಯಿತು ಅಂದಾಗ ಅವರು ಪೆನ್ನು ಕೆಳಗಿಟ್ಟರು. "ಟೆಸ್ಟ್ ಮಾಡ್ಸೂಕಿಂತ ಮೊದ್ಲ ಬಿಡಬಾರದಾಗಿತ್ರಿ" ಅಂದರು. ಸಿಲಿಯಾಕ್ ಅಂತ ಒಂದು ಕಾಯಿಲೆ ಇದೆ. ಅದರಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಸಣ್ಣ ಕರುಳನ್ನೇ ಹಾಳು ಮಾಡುತ್ತದೆ. ಲಕ್ಷಣ ಹೆಚ್ಚುಕಡಿಮೆ ನನ್ನಂಥದ್ದೇ. ಅದನ್ನು ಹಿಡಿಯುವ ಟಿಟಿಜಿ ಐಜಿಎ ರಕ್ತ ಪರೀಕ್ಷೆ ಗೋಧಿ ತಿನ್ನುತ್ತಿರುವವರಲ್ಲಿ ಮಾತ್ರ ಸರಿ ಉತ್ತರ ಕೊಡುತ್ತದೆ. ಬಿಟ್ಟು ತಿಂಗಳುಗಳಾದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಹಾಗಾಗಿ ಆರು ವಾರ ದಿನಾ, ಒಂದಕ್ಕಿಂತ ಹೆಚ್ಚು ಹೊತ್ತು ಗೋಧಿ ತಿಂದು ಬರಲು ಹೇಳಿದರು.

ಇಡೀ ಒಂಬತ್ತು ತಿಂಗಳಲ್ಲಿ ಬಹಳ ಕಷ್ಟವಾದದ್ದು ಆ ಆರು ವಾರ. ದಸರಾ, ದೀಪಾವಳಿ ಎರಡೂ ಅದರಲ್ಲೇ ಬಂದವು. ಮನೆಯಲ್ಲಿ ಹಬ್ಬ, ನಾನು ಒಳಗಿನ ಕೋಣೆಯಲ್ಲಿ ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡು ಮಲಗಿರುತ್ತಿದ್ದೆ. ನನ್ನ ಮಗಳು ಬಂದು ಕಾಲ ಹತ್ತಿರ ಕೂತಿರುತ್ತಿದ್ದಳು. ನೀವು ಗೋಧಿ ಇನ್ನೂ ಬಿಟ್ಟಿಲ್ಲವಾದರೆ ಬಿಡಬೇಡಿ. ಮೊದಲು ರಕ್ತ ಕೊಟ್ಟು ಬನ್ನಿ. ಈ ಒಂದು ಮಾತಿಗಾಗಿಯೇ ನಾನು ಇಷ್ಟೆಲ್ಲ ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ನವೆಂಬರಿನಲ್ಲಿ ರಕ್ತ ಕೊಟ್ಟೆ. ಸಿಲಿಯಾಕ್ ಇಲ್ಲ. ಥೈರಾಯ್ಡ್ ಸರಿ ಇದೆ. ಹಿಮೋಗ್ಲೋಬಿನ್ ಸರಿ ಇದೆ. ಆಮೇಲೆ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಮಲದ ಪರೀಕ್ಷೆ. ಕರುಳಿನಲ್ಲಿ ಉರಿಯೂತ ಇದೆಯಾ ಅಂತ ಅದು ಹೇಳುತ್ತದೆ. ಶನಿವಾರ ಸಂಜೆ ಡಬ್ಬಿ ಒಯ್ದರೆ ಲ್ಯಾಬಿನವರು ತೆಗೆದುಕೊಳ್ಳಲಿಲ್ಲ. ಸ್ಯಾಂಪಲ್ ಹೊರಗಿನ ಊರಿಗೆ ಹೋಗುತ್ತದೆ, ರವಿವಾರ ಗಾಡಿ ಇಲ್ಲ ಅಂದರು. ಸೋಮವಾರ ಮತ್ತೆ ಹೋದೆ. ಮೊದಲೇ ಫೋನ್ ಮಾಡಿ ಕೇಳಿದ್ದರೆ ಒಂದು ಸುತ್ತು ಉಳಿಯುತ್ತಿತ್ತು. ನಾಲ್ಕು ದಿನದ ಮೇಲೆ ರಿಪೋರ್ಟ್ ಬಂತು: 92. ಐವತ್ತರೊಳಗೆ ಇರಬೇಕಿತ್ತು.

ಆ ರಾತ್ರಿ ನಿದ್ದೆ ಮಾಡಲಿಲ್ಲ. ಡಾಕ್ಟರ್ ಮರುದಿನ ಕೇಳಿದ ಮೊದಲ ಪ್ರಶ್ನೆ, ನೋವಿನ ಗುಳಿಗೆ ಏನಾದರೂ ತಗೊಂಡಿದ್ದೀರಾ ಅಂತ. ಹೌದು, ಮೊಣಕಾಲು ನೋವಿಗೆ ಹತ್ತು ದಿನ ತಗೊಂಡಿದ್ದೆ. ಅಂಥ ಗುಳಿಗೆಗಳಿಂದಲೂ ಈ ಅಂಕಿ ಏರುತ್ತದಂತೆ. ಹಾಗಂತ ಬಿಡುವ ಹಾಗಿರಲಿಲ್ಲ, ತೂಕ ಬೇರೆ ಇಳಿದಿತ್ತಲ್ಲ. ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾದ ನಳಿಗೆ ಬಿಟ್ಟು ನೋಡುವ ಪರೀಕ್ಷೆ, ಮಾಡಿಬಿಡೋಣ ಅಂದರು. ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಗೆ ಹೋಗುವ ಮೊದಲು ನೀವು ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಹೇಳಿ, ಅಂಗಡಿಯಲ್ಲಿ ಚೀಟಿ ಇಲ್ಲದೆ ತಗೊಂಡದ್ದನ್ನೂ ಸೇರಿಸಿ.

ಕೊಲೊನೋಸ್ಕೋಪಿ ಬಗ್ಗೆ ನನಗಿದ್ದ ಭಯಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಕಷ್ಟ ಹಿಂದಿನ ದಿನದ್ದು. ಎರಡು ದಿನ ಮೊದಲು ಸೊಪ್ಪು, ಕಾಳು, ಬೀಜ, ಜೋಳ ಎಲ್ಲ ಬೇಡ, ಬರೀ ಅನ್ನ, ತಿಳಿ ಸಾರು. ಹಿಂದಿನ ಸಂಜೆ ಒಂದು ಪುಡಿಯನ್ನು 2 ಲೀಟರ್ ನೀರಿಗೆ ಕಲಸಿ, ಸ್ವಲ್ಪ ಸ್ವಲ್ಪವೇ ಕುಡಿದು ಮುಗಿಸಬೇಕು. ಉಪ್ಪುಪ್ಪು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಕುಡಿದರೆ ಇಳಿಯುತ್ತದೆ. ಬಚ್ಚಲಿನ ಹತ್ತಿರದ ಕೋಣೆಯಲ್ಲೇ ಹಾಸಿಗೆ ಮಾಡಿಕೊಳ್ಳಿ. ಮೃದುವಾದ ಹಳೇ ಬಟ್ಟೆ, ಕೊಬ್ಬರಿ ಎಣ್ಣೆ ಹತ್ತಿರ ಇರಲಿ, ಚರ್ಮ ಉರಿಯುತ್ತದೆ. ಮರುದಿನ ಮಂಪರಿನ ಇಂಜೆಕ್ಷನ್ ಕೊಟ್ಟರು. ಎಚ್ಚರಾದಾಗ ಮುಗಿದಿತ್ತು. ಜೊತೆಗೆ ಒಬ್ಬರು ಇರಲೇಬೇಕು, ಆ ದಿನ ಗಾಡಿ ಓಡಿಸುವ ಹಾಗಿಲ್ಲ. ಕರುಳು ನೋಡಲು ಚೆನ್ನಾಗೇ ಇದೆ ಅಂದರೂ ನಾಲ್ಕೈದು ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕಣ್ಣಿಗೆ ಕಾಣದ, ಮೈಕ್ರೋಸ್ಕೋಪಿನಲ್ಲಿ ಮಾತ್ರ ಕಾಣುವ ಉರಿಯೂತವೂ ಇರುತ್ತದಂತೆ. ಏಳು ದಿನ ಕಾದು ರಿಪೋರ್ಟ್ ತಂದೆ. ಎಲ್ಲ ನಾರ್ಮಲ್.

ನಾರ್ಮಲ್ ಅಂತ ಕೇಳಿ ನಾನು ಅತ್ತುಬಿಟ್ಟೆ. ಸಮಾಧಾನಕ್ಕಲ್ಲ. ಏನೂ ಇಲ್ಲ ಅಂದರೆ ಇಷ್ಟು ದಿನ ಅನುಭವಿಸಿದ್ದೆಲ್ಲ ಸುಳ್ಳಾ ಅಂತ ಅನಿಸಿತು. ಡಾಕ್ಟರಿಗೆ ಅದು ಗೊತ್ತಾಯಿತು. ಇದು ಐಬಿಎಸ್, ಇರಿಟಬಲ್ ಬವೆಲ್ ಸಿಂಡ್ರೋಮ್, ನಿಜವಾದ ಕಾಯಿಲೆ ಅಂತ ಹೇಳಿದರು. ಕರುಳಿಗೆ ಗಾಯ ಇಲ್ಲ, ಆದರೆ ಕರುಳಿನ ನರಗಳು ಬಹಳ ಸೂಕ್ಷ್ಮವಾಗಿವೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನನಗೆ ನೋವಾಗಿ ಕಾಣುತ್ತದೆ. ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಪೂರ್ತಿ ಹೋಗುತ್ತದೆ ಅಂತಲೂ ಹೇಳಲು ಬರುವುದಿಲ್ಲ. ಹಿಡಿತದಲ್ಲಿ ಇಡಬಹುದು. ಇಸಬಗೋಲ್ ಶುರು ಮಾಡಿದರು, ನುಲಿತ ಜೋರಾದಾಗ ಒಂದು ಗುಳಿಗೆ ಬರೆದರು. ಫಾಡ್‌ಮ್ಯಾಪ್ ಪಥ್ಯ ಮಾಡಲು ಡಯಟೀಷಿಯನ್ ಹತ್ತಿರ ಕಳಿಸಿದರು. ಅದು 2025ರ ಜನವರಿ, ಸಂಕ್ರಾಂತಿ ಮುಗಿದಿತ್ತು.

ಫಾಡ್‌ಮ್ಯಾಪ್ ಅಂದರೆ ಏನು ಅಂತ ಡಯಟೀಷಿಯನ್ ಹೀಗೆ ಹೇಳಿದರು. ಕೆಲವು ಜಾತಿಯ ಸಕ್ಕರೆಗಳನ್ನು ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅವು ನೀರನ್ನು ಎಳೆದುಕೊಂಡು ದೊಡ್ಡ ಕರುಳಿಗೆ ಹೋಗುತ್ತವೆ. ಅಲ್ಲಿ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ನಾಲಿಗೆಗೆ ಸಿಹಿ ಅನಿಸಲೇಬೇಕು ಅಂತಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋಧಿಯಲ್ಲಿ ಒಂದು ಜಾತಿ. ಕಾಳು, ಬೇಳೆಯಲ್ಲಿ ಒಂದು. ಹಾಲಿನಲ್ಲಿ ಲ್ಯಾಕ್ಟೋಸ್. ಮಾವಿನಹಣ್ಣು, ಜೇನುತುಪ್ಪದಲ್ಲಿ ಫ್ರಕ್ಟೋಸ್. ಅಣಬೆ, ಹೂಕೋಸಿನಂಥವುಗಳಲ್ಲಿ ಇನ್ನೊಂದು. ಈ ಪಥ್ಯವನ್ನು ಬೆಳೆಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು. ಅವರದೇ ಆ್ಯಪ್ ಇದೆ, ದುಡ್ಡು ಕಟ್ಟಬೇಕು. ಯಾವ ಪದಾರ್ಥ ಎಷ್ಟು ಗ್ರಾಂ ತನಕ ನಡೆಯುತ್ತದೆ ಅಂತ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ನಮ್ಮ ಕಡೆಯ ಪದಾರ್ಥ ಎಲ್ಲ ಅದರಲ್ಲಿ ಇಲ್ಲ. ಆದರೂ ನನಗೆ ಬಹಳ ಉಪಯೋಗವಾಯಿತು.

ಇದು ಜನ್ಮಪೂರ್ತಿ ಮಾಡುವ ಪಥ್ಯ ಅಲ್ಲ. ಎರಡರಿಂದ ಆರು ವಾರ ಎಲ್ಲ ಬಿಡಬೇಕು. ಕಡಿಮೆಯಾದರೆ ಒಂದೊಂದೇ ಜಾತಿಯನ್ನು ಮರಳಿ ತಿಂದು ಯಾವುದು ತೊಂದರೆ ಕೊಡುತ್ತದೆ ಅಂತ ಹಿಡಿಯಬೇಕು. ಆಮೇಲೆ ಆ ಒಂದೆರಡನ್ನು ಮಾತ್ರ ದೂರ ಇಟ್ಟು ಉಳಿದದ್ದೆಲ್ಲ ಉಣ್ಣಬೇಕು. ಮೊದಲ ಹಂತದಲ್ಲೇ ಉಳಿದವರು ಬಹಳ ಜನ ಇದ್ದಾರಂತೆ. ಹಾಗೆ ಉಳಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಆಹಾರ ಸಿಗುವುದಿಲ್ಲ, ಮೈಗೂ ಪೋಷಣೆ ಸಾಲುವುದಿಲ್ಲ. ಎಲ್ಲರಿಗೂ ಇದು ಕೆಲಸ ಮಾಡುವುದೂ ಇಲ್ಲ. ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಬಿಟ್ಟು ಬೇರೆ ದಾರಿ ನೋಡೋಣ ಅಂತ ಅವರು ಮೊದಲ ದಿನವೇ ಹೇಳಿದ್ದರು.

ಮನೆಗೆ ಬಂದು ಪಟ್ಟಿ ಓದಿದಾಗ ಅತ್ತೆ ಗಲ್ಲಕ್ಕೆ ಕೈ ಹಚ್ಚಿ ಕೂತರು. "ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಕಾಳ ಇಲ್ಲ. ಹಂಗಾರ ನೀ ಉಣ್ಣೂದರ ಏನ ಯವ್ವಾ?"

ಉಣ್ಣುವುದು ಬಹಳಷ್ಟಿತ್ತು. ಜೋಳ ನಡೆಯುತ್ತದೆ. ಇದನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಬಿಳಿಜೋಳದ ಬಿಸಿ ರೊಟ್ಟಿ, ಕಟಕ ರೊಟ್ಟಿ, ಜೋಳದ ನುಚ್ಚು, ಎಲ್ಲ ನಡೆಯುತ್ತದೆ. ಅನ್ನ, ಅವಲಕ್ಕಿ, ಚುರುಮುರಿ ನಡೆಯುತ್ತವೆ. ಮೆಂತ್ಯದ ಸೊಪ್ಪು, ಸೌತೆಕಾಯಿ, ಗಜ್ಜರಿ, ಬೀನ್ಸ್, ಆಲೂಗಡ್ಡೆ, ಅಳತೆ ಮೀರದಷ್ಟು ಬದನೆಕಾಯಿ. ಒಂದು ಹಿಡಿ ಶೇಂಗಾ. ತುಪ್ಪದಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ, ಹಾಗಾಗಿ ಬಿಸಿ ರೊಟ್ಟಿಗೆ ತುಪ್ಪ ಸವರಿಕೊಳ್ಳಬಹುದು. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಜೋಳ ಬೀಸಿದರೆ ಸ್ವಲ್ಪ ಗೋಧಿ ಹಿಟ್ಟು ಕೂಡುತ್ತದೆ. ನಮ್ಮಂಥವರಿಗೆ ಅಷ್ಟರಿಂದ ಏನೂ ಆಗುವುದಿಲ್ಲ. ಸಿಲಿಯಾಕ್ ಇದ್ದವರಿಗೆ ಮಾತ್ರ ಅದು ಕೂಡ ನಡೆಯುವುದಿಲ್ಲ, ಅವರು ಬೇರೆಯಾಗಿ ಬೀಸಿಸಬೇಕು.

ಉಳ್ಳಾಗಡ್ಡಿ ಬದಲು ಉಳ್ಳಾಗಡ್ಡಿ ತಪ್ಪಲು ತಂದೆ. ಅದರ ಹಸಿರು ಎಲೆ ಮಾತ್ರ ನಡೆಯುತ್ತದೆ, ಬುಡದ ಬಿಳಿ ಗಡ್ಡೆ ಕತ್ತರಿಸಿ ತೆಗೆಯಬೇಕು. ಒಗ್ಗರಣೆಗೆ ಇಂಗು. ಖಾರ ಈ ಪಟ್ಟಿಯಲ್ಲಿ ಬರುವುದಿಲ್ಲ. ಆದರೂ ಮೆಣಸಿನಕಾಯಿಯ ಉರಿ ಇಂಥ ಕರುಳನ್ನು ಕೆರಳಿಸುತ್ತದೆ. ನಾವು ಬರೀ ಬ್ಯಾಡಗಿ ಮೆಣಸಿನಕಾಯಿಯ ಪುಡಿಗೆ ಬಂದೆವು. ಬಣ್ಣ ಬರುತ್ತದೆ, ಉರಿ ಕಡಿಮೆ. ಸಾವಜಿ ಊಟ ಬಿಟ್ಟೆ, ಅದನ್ನು ಇವತ್ತಿಗೂ ಮುಟ್ಟಿಲ್ಲ.

ಹತ್ತು ದಿನ ಕಟ್ಟುನಿಟ್ಟಾಗಿ ಮಾಡಿದೆ. ಏನೂ ಬದಲಾಗಲಿಲ್ಲ. ಅದೇ ಉಬ್ಬರ, ಅದೇ ನುಲಿತ. ಇದೂ ಮುಗಿಯಿತು ಅಂದುಕೊಂಡು, ತಿಂದದ್ದು ಬರೆಯುವ ವಹಿ ಹಿಡಿದು ಡಯಟೀಷಿಯನ್ ಹತ್ತಿರ ಹೋದೆ. ಅವರು ಹಾಳೆ ತಿರುವುತ್ತ ಒಂದು ಕಡೆ ಬೆರಳಿಟ್ಟರು. "ಇದೇನ್ರಿ, ದಿನಾ ಬೇಳೆ ಕಟ್ಟು?"

ಅದು ಅತ್ತೆಯ ಪ್ರೀತಿ. ಬೇಳೆ ಬೇಡ ಅಂದದ್ದಕ್ಕೆ ಅವರು ಬೇಳೆ ಕುದಿಸಿ, ಮೇಲಿನ ತಿಳಿ ಕಟ್ಟನ್ನು ಮಾತ್ರ ಬಸಿದು ನನಗೆ ಸಾರು ಮಾಡುತ್ತಿದ್ದರು. ಬಾಣಂತಿಗೂ, ಜ್ವರ ಬಂದವರಿಗೂ ಕೊಡುವ ಹಗುರ ಊಟ ಅಲ್ವಾ ಅದು. ಹಾಗೇ ಅವರ ಪಲ್ಯಕ್ಕೆ ಇಡೀ ಉಳ್ಳಾಗಡ್ಡಿ ಹಾಕಿ ಬೇಯಿಸಿ, ನನಗೆ ಬಡಿಸುವಾಗ ಹೋಳು ತೆಗೆದುಬಿಡುತ್ತಿದ್ದರು. ಇಬ್ಬರೂ ಸರಿ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು.

ಬೇಳೆಯಲ್ಲಿರುವ, ಉಳ್ಳಾಗಡ್ಡಿಯಲ್ಲಿರುವ ಈ ಸಕ್ಕರೆಗಳು ನೀರಿನಲ್ಲಿ ಕರಗುತ್ತವೆ. ಕುದಿಸಿದಾಗ ಬೇಳೆಯಿಂದ ಕಟ್ಟಿಗೆ ಇಳಿಯುತ್ತವೆ. ಅಂದರೆ ನಾನು ಬಿಡಬೇಕಾದದ್ದನ್ನೇ ಬಸಿದು ಕುಡಿಯುತ್ತಿದ್ದೆ. ಉಳ್ಳಾಗಡ್ಡಿ ಹೋಳು ತೆಗೆದರೂ ಅದರ ಸಕ್ಕರೆ ರಸದಲ್ಲೇ ಉಳಿದಿರುತ್ತದೆ. ಎಣ್ಣೆಯಲ್ಲಿ ಮಾತ್ರ ಅವು ಕರಗುವುದಿಲ್ಲ. ಹಾಗಾಗಿ ಬಳ್ಳೊಳ್ಳಿ ಜಜ್ಜಿ, ನೀರು ಸೋಕಿಸದೆ ಶೇಂಗಾ ಎಣ್ಣೆಯಲ್ಲಿ ಕೆಂಪಗೆ ಹುರಿದು, ಚೂರೂ ಉಳಿಯದಂತೆ ಸೋಸಿದರೆ ಆ ಎಣ್ಣೆಯ ಒಗ್ಗರಣೆ ನಡೆಯುತ್ತದೆ. ಪರಿಮಳ ಪೂರಾ ಬರುತ್ತದೆ. ಒಂದು ಎಚ್ಚರ: ಆ ಎಣ್ಣೆಯನ್ನು ಆಗಿಂದಾಗ ಬಳಸಿ. ಬಳ್ಳೊಳ್ಳಿ ಎಣ್ಣೆಯನ್ನು ಹೊರಗಿಟ್ಟರೆ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು. ನಾವು ಬಾಟಲಿಯಲ್ಲಿ ತುಂಬಿಡುವುದಿಲ್ಲ.

ಅಂಗಡಿಯಿಂದ ತಂದ ಶೇಂಗಾ ಚಟ್ನಿ ಪುಡಿಯಲ್ಲೂ ಬಳ್ಳೊಳ್ಳಿ ಇತ್ತು. ಸಾರಿನ ಪುಡಿಯಲ್ಲೂ ಏನೇನೋ. ಅವೆಲ್ಲ ಬದಿಗಿಟ್ಟು ಮನೆಯಲ್ಲೇ ಜೀರಿಗೆ, ಉಪ್ಪು, ಬ್ಯಾಡಗಿ ಹಾಕಿ ಶೇಂಗಾ ಹಿಂಡಿ ಕುಟ್ಟಿದೆವು. ಅತ್ತೆಗೆ ಕಟ್ಟಿನ ವಿಷಯ ಹೇಳಿದಾಗ ಬಹಳ ನೊಂದುಕೊಂಡರು. "ನಾನs ನಿನಗ ಬ್ಯಾನಿ ಹಚ್ಚಿದೆ" ಅಂದರು. ಹಾಗಲ್ಲ ಅಂತ ಹೇಳಲು ನನಗೆ ಎರಡು ದಿನ ಬೇಕಾಯಿತು.

ಮೂರನೇ ವಾರ ಮುಗಿಯುವಾಗ ಒಂದು ಗುರುವಾರ, ಬಸ್ಸು ಉಣಕಲ್ ಕೆರೆ ದಾಟಿದ ಮೇಲೆ ತಟ್ಟನೆ ಹೊಳೆಯಿತು. ಆ ದಿನ ನಾನು ಒಂದು ನಿಲ್ದಾಣವನ್ನೂ ಲೆಕ್ಕ ಹಾಕಿರಲಿಲ್ಲ. ಕಿಟಕಿಯ ಹೊರಗೆ ಕೆರೆ ನೋಡುತ್ತ ಬಂದಿದ್ದೆ. ಮೂರು ವರ್ಷದಲ್ಲಿ ಮೊದಲ ಸಲ.

ಶಾಲೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೆಲಸ ಬರುವುದಿತ್ತು. ಮೂರು ತಾಸು ಕೋಣೆ ಬಿಟ್ಟು ಕದಲುವ ಹಾಗಿಲ್ಲ. ಧೈರ್ಯ ಮಾಡಿ ನಮ್ಮ ಮುಖ್ಯ ಶಿಕ್ಷಕಿಯವರಿಗೆ ಫೈಲ್ ತೋರಿಸಿದೆ. ಅವರು ಒಂದು ಮಾತೂ ಆಡಿಸದೆ, "ಇಷ್ಟ ದಿನ ಯಾಕ ಹೇಳ್ಲಿಲ್ಲ ಟೀಚರ್?" ಅಂದರು. ಒಂದೇ ಕೋಣೆಯಲ್ಲಿ ಕೂರದೆ, ಬೇರೆ ಕೋಣೆಯವರಿಗೆ ಸ್ವಲ್ಪ ಹೊತ್ತು ಬಿಡುವು ಕೊಡುವ ರಿಲೀವರ್ ಕೆಲಸ ನನಗೆ ಸಿಗುವಂತೆ ಮಾತಾಡಿದರು. ಹೇಳಿಕೊಳ್ಳಬೇಕು ಅಂತ ಆಗ ಗೊತ್ತಾಯಿತು. ಡಾಕ್ಟರ ಒಂದು ಚೀಟಿ ಜೊತೆಗಿದ್ದರೆ ಹೇಳುವುದು ಸುಲಭ.

ಮಾರ್ಚ್ ಮೊದಲ ವಾರ ಮರಳಿ ತಿನ್ನುವ ಹಂತ ಶುರುವಾಯಿತು. ಕ್ರಮ ಹೀಗೆ: ಒಂದು ಜಾತಿಗೆ ಮೂರು ದಿನ. ಮೊದಲ ದಿನ ಸ್ವಲ್ಪ, ಎರಡನೇ ದಿನ ಅದರ ಎರಡರಷ್ಟು, ಮೂರನೇ ದಿನ ಒಂದು ಹೊತ್ತಿಗೆ ಸಾಮಾನ್ಯವಾಗಿ ತಿನ್ನುವಷ್ಟು. ಉಳಿದ ಊಟ ಪಥ್ಯದ್ದೇ. ತೊಂದರೆಯಾದರೆ ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಎರಡು ಮೂರು ದಿನ ಬಿಡುವು, ಹೊಟ್ಟೆ ಶಾಂತವಾದ ಮೇಲೆ ಮುಂದಿನದು. ನಾನು ಮೊದಮೊದಲು ಶುಕ್ರವಾರ ಶುರು ಮಾಡುತ್ತಿದ್ದೆ, ದೊಡ್ಡ ಅಳತೆಯ ದಿನ ರವಿವಾರ ಬರಲಿ ಅಂತ. ಬೇಸಿಗೆ ರಜೆ ಬಂದ ಮೇಲೆ ಆ ಚಿಂತೆ ಇರಲಿಲ್ಲ. ನೌಕರಿ ಮಾಡುವವರು ರಜೆ ನೋಡಿಕೊಂಡು ಈ ಹಂತ ಇಟ್ಟುಕೊಂಡರೆ ಒಳ್ಳೆಯದು.

ಹಾಲು ಅರ್ಧ ಕಪ್ಪಿನ ತನಕ ಏನೂ ಮಾಡಲಿಲ್ಲ, ಒಂದು ಲೋಟಕ್ಕೆ ಹೊಟ್ಟೆ ಗುಡುಗುಡು. ಚಹಾಕ್ಕೆ, ಒಂದು ವಾಟಿ ಮೊಸರಿಗೆ ಅಡ್ಡಿಯಿಲ್ಲ ಅಂತಾಯಿತು. ಆ ಸಂಜೆ ನಮ್ಮವರು ಪೇಢಾ ತಂದರು. ಒಂದು ತಿಂದೆ. ಗೋಧಿ ಒಂದು ಚಪಾತಿಗೆ ಸುಮ್ಮನಿತ್ತು, ಎರಡಕ್ಕೆ ಉಬ್ಬರ. ಉಳ್ಳಾಗಡ್ಡಿ ಮೊದಲ ದಿನದ ಒಂದು ಚಮಚಕ್ಕೇ ನನ್ನನ್ನು ಮಲಗಿಸಿತು. ನಾಲ್ಕು ದಿನ ಬೇಕಾಯಿತು ಸುಧಾರಿಸಿಕೊಳ್ಳಲು. ಬಳ್ಳೊಳ್ಳಿ ಬೇರೆಯಾಗಿ ನೋಡಿದೆ, ಎರಡನೇ ದಿನ ನುಲಿತ. ಹೆಸರುಕಾಳು, ಮಡಕಿಕಾಳು ಆಗಲೇ ಇಲ್ಲ. ತೊಗರಿಬೇಳೆಯನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಕುದಿಸಿ ಕಟ್ಟು ಬಸಿದು, ಉಳಿದ ಬೇಳೆ ಎರಡು ಚಮಚ ತಿಂದರೆ ನಡೆಯುತ್ತದೆ. ಮನೆಯವರಿಗೆ ಕಟ್ಟು, ನನಗೆ ಬೇಳೆ. ಹೂಕೋಸು ಸ್ವಲ್ಪ ಪರವಾಗಿಲ್ಲ.

ಮಾವಿನಹಣ್ಣನ್ನು ಕೊನೆಗೆ ಇಟ್ಟುಕೊಂಡಿದ್ದೆ. ಮಾವೇ ಕಾರಣ ಅಂತ ಹೆದರಿ ಮೂರು ಬೇಸಿಗೆ ಮುಟ್ಟಿರಲಿಲ್ಲ. ಮೇ ತಿಂಗಳು, ಧಾರವಾಡದ ಆಪೂಸು ಪೇಟೆಗೆ ಬಂದಿತ್ತು. ಮೊದಲ ದಿನ ಕಾಲು ಹಣ್ಣು. ತಡೆದುಕೊಂಡು ಕೂತೆ. ಏನೂ ಇಲ್ಲ. ಎರಡನೇ ದಿನ ಅರ್ಧ. ಏನೂ ಇಲ್ಲ. ಮೂರನೇ ದಿನ ಇಡೀ ಹಣ್ಣು ತಿಂದು ವಾಟೆ ಚೀಪುತ್ತ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದೆ. ಮಗಳು ವಹಿ ಪೆನ್ನು ಹಿಡಿದು ಪಕ್ಕದಲ್ಲಿ ಕೂತು ತಾಸಿಗೊಮ್ಮೆ ಕೇಳುತ್ತಿದ್ದಳು. ಸಂಜೆ ಅವಳೇ ದೊಡ್ಡ ಅಕ್ಷರದಲ್ಲಿ ಬರೆದಳು: ಮಾವು ಪಾಸ್. ಸುಮ್ನೆ ಹೆದರಿ ಮೂರು ವರ್ಷ ಬಿಟ್ಟಿದ್ದೆ.

ಅದೇ ತಿಂಗಳು ಒಂದು ಮದುವೆಯಲ್ಲಿ ಪೆಟ್ಟು ತಿಂದೆ. ಒಂದು ಚಪಾತಿ, ಒಂದು ಪೇಢಾ, ಸ್ವಲ್ಪ ಹೂಕೋಸಿನ ಪಲ್ಯ, ಆಮೇಲೆ ಮಾವಿನ ಶೀಕರಣೆ. ಒಂದೊಂದೂ ನನಗೆ ನಡೆಯುವ ಅಳತೆಯಲ್ಲೇ ಇತ್ತು. ಒಂದೇ ಊಟದಲ್ಲಿ ಎಲ್ಲ ಕೂಡಿದಾಗ ಮೊತ್ತ ಮೀರಿತು. ಇದನ್ನು ಮೊದಲೇ ಹೇಳಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಈಗ ಒಂದು ಊಟಕ್ಕೆ ಅಂಥದ್ದು ಒಂದೇ.

ಹೊರಗೆ ಉಣ್ಣುವಾಗ ಒಂದು ಉಪಾಯ. ಹುಬ್ಬಳ್ಳಿಯಲ್ಲಿ ಜೈನರು, ಮಾರವಾಡಿಗಳು ಬಹಳ ಇದ್ದಾರೆ. ಹೋಟೆಲ್ಲಿನಲ್ಲಿ "ಜೈನ್ ಮಾಡಿ ಕೊಡ್ರಿ" ಅಂದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದೆ ಮಾಡಿಕೊಡುತ್ತಾರೆ, ಮತ್ತೆ ವಿವರಿಸಬೇಕಿಲ್ಲ. ಆದರೆ ಅದರಲ್ಲಿ ಕಡಲೆ ಹಿಟ್ಟು, ಹಾಲು, ಮೈದಾ ಇರಬಹುದು, ಅದನ್ನು ಬೇರೆ ಕೇಳಿಕೊಳ್ಳಬೇಕು. ಗಿರ್ಮಿಟ್ಟು ತಿನ್ನಬೇಕು ಅನಿಸಿದರೆ ಮನೆಯಲ್ಲಿ ಉಳ್ಳಾಗಡ್ಡಿ, ಪುಟಾಣಿ ಪುಡಿ ಬಿಟ್ಟು, ತಪ್ಪಲು, ಟೊಮೆಟೊ ಹಾಕಿ ಮಾಡಿಕೊಳ್ಳುತ್ತೇನೆ.

ಖರ್ಚು ಎಷ್ಟಾಯಿತು ಅಂತ ಕೇಳುತ್ತಾರೆ. ಸೆಪ್ಟೆಂಬರಿನಿಂದ ಲೆಕ್ಕ ಹಾಕಿದರೆ ಡಾಕ್ಟರ ಫೀ ನಾಲ್ಕು ಸಲಕ್ಕೆ 2,800, ರಕ್ತ ಪರೀಕ್ಷೆಗಳು 2,400, ಕ್ಯಾಲ್‌ಪ್ರೊಟೆಕ್ಟಿನ್ 2,200, ಬಯಾಪ್ಸಿ ಸೇರಿ ಕೊಲೊನೋಸ್ಕೋಪಿ 9,500, ಡಯಟೀಷಿಯನ್ 2,000. ಒಟ್ಟು 18,900 ರೂಪಾಯಿ. ನಮ್ಮ ಆರೋಗ್ಯ ವಿಮೆಯಲ್ಲಿ ಅಡ್ಮಿಟ್ ಆಗದೆ ಮಾಡಿಸಿದ್ದಕ್ಕೆ ಏನೂ ಬರುವುದಿಲ್ಲ ಅಂದರು. ಕೊಲೊನೋಸ್ಕೋಪಿಗೆ ಮೊದಲೇ ಕೇಳಿದ್ದರೆ ಬೇರೆ ದಾರಿ ಇತ್ತೋ ಏನೋ, ನಾನು ಕೇಳಿದ್ದು ಬಿಲ್ ಕಟ್ಟಿದ ಮೇಲೆ. ನೀವು ಮೊದಲೇ ಕೇಳಿ. ರಿಪೋರ್ಟುಗಳ ಜೊತೆ, ಹಿಂದೆ ನುಂಗಿದ ಗುಳಿಗೆಗಳ ಚೀಟಿಗಳನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಇಡಿ. ನನ್ನ ಹಳೇ ಚೀಟಿಗಳು ಅರ್ಧ ಕಳೆದಿದ್ದವು, ಡಾಕ್ಟರಿಗೆ ನೆನಪಿನಿಂದ ಹೇಳಬೇಕಾಯಿತು.

ಈಗ ತೂಕ 57. ಬೆಳಿಗ್ಗೆ ತಿಂಡಿ ತಿಂದೇ ಬಸ್ ಹತ್ತುತ್ತೇನೆ. ತಿಂಗಳಿಗೆ ಒಂದೆರಡು ಕೆಟ್ಟ ದಿನ ಬರುತ್ತವೆ, ನಿದ್ದೆಗೆಟ್ಟಾಗ, ಶಾಲೆಯಲ್ಲಿ ತಪಾಸಣೆ ಇದ್ದಾಗ. ಆಗ ಎರಡು ದಿನ ಮೊದಲ ಹಂತದ ಊಟಕ್ಕೆ ಮರಳುತ್ತೇನೆ. ಬಳ್ಳೊಳ್ಳಿಯನ್ನು ಆರು ತಿಂಗಳ ಮೇಲೆ ಮತ್ತೊಮ್ಮೆ ನೋಡೋಣ ಅಂದಿದ್ದಾರೆ. ಇವತ್ತು ಆಗದ್ದು ಮುಂದೆ ಆಗಬಹುದಂತೆ.

ನಾಳೆ ಕಾರಹುಣ್ಣಿಮೆ. ಕರಿಗಡಬಿನ ಹೂರಣಕ್ಕೆ ಅತ್ತೆ ಕಡಲೆಬೇಳೆ ಬೇಯಿಸಲು ಇಟ್ಟಿದ್ದಾರೆ. ಪಕ್ಕದ ತಟ್ಟೆಯಲ್ಲಿ ಒಣಕೊಬ್ಬರಿ ತುರಿದು, ಬೆಲ್ಲ ಕಲಸಿ ಮುಚ್ಚಿಟ್ಟಿದ್ದಾರೆ. ಅದು ನನ್ನ ಎರಡು ಕಡಬಿಗೆ.